ಮರುಭೇಟಿಗೂ ದುರಂತಕ್ಕೂ ನಡುವೆ: ತೆರೆಯ ಮೇಲಿನ ನಾಲ್ವರು ಗ್ಯಾಟ್ಸ್‌ಬಿಯರು

‘ದ ಗ್ರೇಟ್ ಗ್ಯಾಟ್ಸ್‌ಬಿ’ ಕಾದಂಬರಿ ನ್ಯೂಯಾರ್ಕಿನಲ್ಲಿ ಪ್ರಕಟವಾದದ್ದು 1925ರ ಏಪ್ರಿಲ್ 10ರಂದು. ಅದೇ ವರ್ಷ ಅದರ ಕರ್ತೃ ಎಫ್. ಸ್ಕಾಟ್ ಫಿಟ್ಜ್‌ಜೆರಾಲ್ಡ್ ತಮ್ಮ ಗೆಳೆಯರೂ ವಿಮರ್ಶಕರೂ ಆಗಿದ್ದ ಎಡ್ಮಂಡ್ ವಿಲ್ಸನ್ ಅವರಿಗೆ ಬರೆದ ಪತ್ರವೊಂದರಲ್ಲಿ, ಕೃತಿಯಲ್ಲಿ ಒಂದು ದೊಡ್ಡ ದೋಷ ಉಳಿದುಹೋಗಿದೆ ಎಂದು ತಾವಾಗಿಯೇ ಹೇಳಿಕೊಂಡರು. ಗ್ಯಾಟ್ಸ್‌ಬಿ ಮತ್ತು ಡೇಸಿ ಬಹುಕಾಲದ ಅಗಲಿಕೆಯ ನಂತರ ಮತ್ತೆ ಭೇಟಿಯಾದಂದಿನಿಂದ ದುರಂತ ಸಂಭವಿಸುವವರೆಗೆ ಅವರಿಬ್ಬರ ಮನಸ್ಸುಗಳ ನಡುವೆ ಏನು ನಡೆಯಿತೆಂಬುದನ್ನು ತಾವು ಬರೆದಿಲ್ಲ, ಅದು ತಮಗೂ ತಿಳಿದಿರಲಿಲ್ಲ ಎಂಬುದು ಅವರ ಮಾತಿನ ಸಾರ. ಕಾದಂಬರಿಯನ್ನು ಓದುತ್ತಿರುವಾಗ ಈ ಕೊರತೆ ಕಣ್ಣಿಗೆ ಬೀಳುವುದಿಲ್ಲ. ಕಥೆ ಹೇಳುವ ನಿಕ್ ಕ್ಯಾರವೇಯ ವಾಕ್ಯಗಳ ಲಯ ಅದನ್ನು ಮುಚ್ಚಿಬಿಡುತ್ತದೆ. ಸಿನಿಮಾಕ್ಕೆ ಅಂಥ ಮರೆಯಿಲ್ಲ. ಇಬ್ಬರು ನಟರನ್ನು ಒಂದೇ ಚೌಕಟ್ಟಿನಲ್ಲಿ ನಿಲ್ಲಿಸಿದ ಮೇಲೆ ಅವರು ಏನಾದರೂ ಮಾತನಾಡಲೇಬೇಕು, ಏನಾದರೂ ಮಾಡಲೇಬೇಕು. ಆದ್ದರಿಂದ ಈ ಕಾದಂಬರಿಯ ಚಿತ್ರರೂಪಗಳನ್ನು ಹೋಲಿಸುವಾಗ ವೇಷಭೂಷಣ, ಸೆಟ್ಟು, ತಾರಾಗಣಗಳಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ ಎಂದು ನನಗೆ ತೋರುತ್ತದೆ: ಫಿಟ್ಜ್‌ಜೆರಾಲ್ಡ್ ಖಾಲಿ ಬಿಟ್ಟ ಜಾಗವನ್ನು ಯಾವ ಚಿತ್ರ ಏನಿಟ್ಟು ತುಂಬಿತು?

ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು, ಕಾದಂಬರಿಯನ್ನು ಪಕ್ಕದಲ್ಲಿ ತೆರೆದಿರಿಸಿಕೊಂಡು, ದೊರೆಯುವ ನಾಲ್ಕು ಚಿತ್ರಗಳನ್ನೂ ಬೆನ್ನುಬೆನ್ನಿಗೆ ನೋಡಿದೆ. 1949ರದ್ದು ಎಲಿಯಟ್ ನ್ಯೂಜೆಂಟ್ ನಿರ್ದೇಶನದ ಕಪ್ಪುಬಿಳುಪು ಚಿತ್ರ. 1974ರದ್ದು ಜ್ಯಾಕ್ ಕ್ಲೇಟನ್ ಅವರದು. 2000ದ್ದು ರಾಬರ್ಟ್ ಮಾರ್ಕೊವಿಟ್ಜ್ ಅವರ ದೂರದರ್ಶನ ಚಿತ್ರ. 2013ರದ್ದು ಬ್ಯಾಜ್ ಲರ್ಮನ್ ಅವರದು. ಇವೆಲ್ಲಕ್ಕೂ ಮೊದಲು 1926ರಲ್ಲಿ ಹರ್ಬರ್ಟ್ ಬ್ರೆನನ್ ಅವರು ವಾರ್ನರ್ ಬ್ಯಾಕ್ಸ್ಟರ್ ಅವರನ್ನು ನಾಯಕನನ್ನಾಗಿಸಿ ಮಾಡಿದ ಮೂಕಿ ಚಿತ್ರವೊಂದಿತ್ತು. ಅದರ ಪ್ರತಿ ಎಲ್ಲಿಯೂ ಉಳಿದಿಲ್ಲ, ಸುಮಾರು ಒಂದು ನಿಮಿಷದ ಪ್ರಚಾರ ತುಣುಕು ಮಾತ್ರ ಉಳಿದಿದೆ. ಕಥೆ ನಡೆದ ಕಾಲದಲ್ಲೇ ತಯಾರಾದ ಏಕೈಕ ಚಿತ್ರ ಅದು. ಆ ಪಾರ್ಟಿಗಳಿಗೆ ನಿಜವಾಗಿಯೂ ಹೋಗಿಬಂದವರು ಆಗ ಪ್ರೇಕ್ಷಕರ ಸಾಲಿನಲ್ಲಿ ಕುಳಿತಿದ್ದಿರಬೇಕು. ಆ ನಷ್ಟಕ್ಕೆ ಪರಿಹಾರವಿಲ್ಲ.

ಕಾದಂಬರಿಯನ್ನು ಓದದವರಿಗಾಗಿ ಕಥೆಯ ಎಲುಬನ್ನಷ್ಟು ಹೇಳುತ್ತೇನೆ. 1922ರ ಬೇಸಿಗೆ. ಮಧ್ಯಪಶ್ಚಿಮ ಅಮೆರಿಕದಿಂದ ಬಾಂಡ್ ವ್ಯಾಪಾರ ಕಲಿಯಲು ನ್ಯೂಯಾರ್ಕಿಗೆ ಬಂದ ನಿಕ್, ಲಾಂಗ್ ಐಲೆಂಡಿನ ವೆಸ್ಟ್ ಎಗ್ ಎಂಬ ಕಲ್ಪಿತ ಊರಿನಲ್ಲಿ ಚಿಕ್ಕ ಮನೆಯೊಂದನ್ನು ಬಾಡಿಗೆಗೆ ಹಿಡಿಯುತ್ತಾನೆ. ಪಕ್ಕದ ಅರಮನೆಯಂಥ ಬಂಗಲೆ ಜೇ ಗ್ಯಾಟ್ಸ್‌ಬಿಯದು; ಅಲ್ಲಿ ವಾರಾಂತ್ಯಗಳಲ್ಲಿ ನಡೆಯುವ ಪಾರ್ಟಿಗಳಿಗೆ ಕರೆಯದವರೂ ಬರುತ್ತಾರೆ. ಕೊಲ್ಲಿಯ ಆಚೆ, ಹಳೆಯ ಸಿರಿವಂತರ ಈಸ್ಟ್ ಎಗ್‌ನಲ್ಲಿ, ನಿಕ್‌ನ ದೂರದ ಸೋದರಸಂಬಂಧಿ ಡೇಸಿ ತನ್ನ ಗಂಡ ಟಾಮ್ ಬುಕ್ಯಾನನ್‌ನೊಂದಿಗೆ ಇದ್ದಾಳೆ. 1917ರಲ್ಲಿ ಲೂಯಿವಿಲ್ ಪಟ್ಟಣದಲ್ಲಿ, ಕೈಯಲ್ಲಿ ಕಾಸಿಲ್ಲದ ಸೈನ್ಯಾಧಿಕಾರಿಯಾಗಿದ್ದ ಗ್ಯಾಟ್ಸ್‌ಬಿ ಅವಳನ್ನು ಪ್ರೀತಿಸಿದ್ದ. ಅವನು ಯುದ್ಧದಿಂದ ಮರಳುವಷ್ಟರಲ್ಲಿ ಅವಳು ಟಾಮ್‌ನನ್ನು ಮದುವೆಯಾಗಿದ್ದಳು. ಮದ್ಯನಿಷೇಧದ ಕಾಲದಲ್ಲಿ ಕಳ್ಳದಂಧೆಯಿಂದ ಅವನು ಗಳಿಸಿದ ಐಶ್ವರ್ಯವೆಲ್ಲ ಅವಳನ್ನು ಮರಳಿ ಪಡೆಯುವುದಕ್ಕಾಗಿಯೇ. ನಿಕ್‌ನ ಮನೆಯಲ್ಲಿ ಅವರ ಮರುಭೇಟಿಯಾಗುತ್ತದೆ. ಅದು ಒಂಬತ್ತು ಅಧ್ಯಾಯಗಳಲ್ಲಿ ಐದನೆಯದು. ಏಳನೆಯದರಲ್ಲಿ, ನ್ಯೂಯಾರ್ಕಿನ ಪ್ಲಾಜಾ ಹೋಟೆಲಿನಲ್ಲಿ ಟಾಮ್ ಮತ್ತು ಗ್ಯಾಟ್ಸ್‌ಬಿ ಮುಖಾಮುಖಿಯಾದಾಗ, ಎಲ್ಲವೂ ಮುರಿದುಬೀಳುತ್ತದೆ. ನಡುವಿನ ಆರನೆಯ ಅಧ್ಯಾಯದಲ್ಲಿ ಪ್ರೇಮಿಗಳಿಬ್ಬರೇ ಇರುವ ಪ್ರಸಂಗ ಇಲ್ಲವೆಂದೇ ಹೇಳಬೇಕು.

1949ರ ಚಿತ್ರಕ್ಕೆ ಈ ಖಾಲಿ ಜಾಗದ ಬಗ್ಗೆ ತಲೆಬಿಸಿಯಿಲ್ಲ, ಏಕೆಂದರೆ ಅದರ ಗಮನವೆಲ್ಲ ಅಪರಾಧ ಮತ್ತು ಪಶ್ಚಾತ್ತಾಪಗಳ ಮೇಲಿದೆ. ಚಿತ್ರ ಆರಂಭವಾಗುವುದು ಗ್ಯಾಟ್ಸ್‌ಬಿಯ ಸಮಾಧಿಯ ಬಳಿ. ವಯಸ್ಸಾದ ನಿಕ್ ಮತ್ತು ಡೇಸಿಯ ಗೆಳತಿ ಜೋರ್ಡನ್ ಬೇಕರ್ ಅಲ್ಲಿ ಗಂಡಹೆಂಡತಿಯಾಗಿ ನಿಂತಿರುತ್ತಾರೆ, ಕಲ್ಲಿನ ಮೇಲೆ ಬೈಬಲ್ಲಿನ ಜ್ಞಾನೋಕ್ತಿಗಳ ಪುಸ್ತಕದಿಂದ ಆಯ್ದ ವಾಕ್ಯವಿರುತ್ತದೆ. ಕಾದಂಬರಿಯಲ್ಲಿ ಈ ಇಬ್ಬರ ಸ್ನೇಹ ಕಹಿಯಾಗಿ ಮುಗಿಯುತ್ತದೆ. ಮದುವೆಯ ಮಾತೇ ಇಲ್ಲ. ಆದರೆ ಆ ದಿನಗಳ ಹಾಲಿವುಡ್ಡಿನ ನೀತಿಸಂಹಿತೆಗೆ ತಪ್ಪು ಮಾಡಿದವನ ಪತನದ ಜೊತೆಗೆ ಸರಿದಾರಿಯಲ್ಲಿ ನಡೆದ ಒಂದು ಜೋಡಿಯೂ ಬೇಕಿತ್ತು. ಸಾಯುವ ಮುನ್ನ ಈ ಗ್ಯಾಟ್ಸ್‌ಬಿ, ತನ್ನಂಥ ಬಡ ಹುಡುಗರಿಗೆ ಈ ದಾರಿ ತಪ್ಪೆಂದು ಹೇಳುವವರು ಬೇಕಲ್ಲವೆ ಎಂಬರ್ಥದ ಮಾತುಗಳನ್ನೂ ಆಡುತ್ತಾನೆ. ತನ್ನ ಕನಸು ತಪ್ಪೆಂದು ಗ್ಯಾಟ್ಸ್‌ಬಿ ಒಪ್ಪಿಕೊಂಡ ಗಳಿಗೆಯಲ್ಲಿ ಆ ಪಾತ್ರ ಮುಗಿದುಹೋಗುತ್ತದೆ ಎಂಬುದು ನನ್ನ ಅಭಿಪ್ರಾಯ. ಇಷ್ಟಾದರೂ ಅಲನ್ ಲ್ಯಾಡ್ ಅವರನ್ನು ತಳ್ಳಿಹಾಕಲಾಗುವುದಿಲ್ಲ. ಕೋಟು ಎಷ್ಟೇ ಚೆನ್ನಾಗಿ ಹೊಲಿದಿದ್ದರೂ ಅದರೊಳಗಿನ ಮನುಷ್ಯ ಬೀದಿಯಿಂದ ಬಂದವನು ಎಂಬುದು ಅವರ ಮುಖದಲ್ಲಿ ಕಾಣುತ್ತದೆ. ಅನಂತರದ ಚಿತ್ರಗಳಲ್ಲಿ ಈ ಗುಣ ಸುಲಭವಾಗಿ ಸಿಗುವುದಿಲ್ಲ. ಟಾಮ್‌ನ ಪ್ರೇಯಸಿ ಮರ್ಟಲ್ ಆಗಿ ಶೆಲ್ಲಿ ವಿಂಟರ್ಸ್ ಅವರೂ ಗಮನ ಸೆಳೆಯುತ್ತಾರೆ.

2000ದ ದೂರದರ್ಶನ ಚಿತ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಟೋಬಿ ಸ್ಟೀವನ್ಸ್ ಗ್ಯಾಟ್ಸ್‌ಬಿ, ಮೀರಾ ಸೊರ್ವಿನೊ ಡೇಸಿ, ಪಾಲ್ ರಡ್ ನಿಕ್. ಘಟನೆಗಳ ಅನುಕ್ರಮ ಹೆಚ್ಚುಕಡಿಮೆ ಕಾದಂಬರಿಯದೇ, ಪಾಲ್ ರಡ್ ಅವರ ಸಂಕೋಚ ಪಾತ್ರಕ್ಕೆ ಒಪ್ಪುತ್ತದೆ. ಆದರೆ ಸಿರಿತನವನ್ನೇ ವಸ್ತುವಾಗಿಸಿಕೊಂಡ ಕಥೆಯಲ್ಲಿ ಪಾರ್ಟಿಗಳು ಯಾರದೋ ಮನೆಯ ಆರತಕ್ಷತೆಯಂತೆ ಕಂಡರೆ ಅದು ಹಣದ ಕೊರತೆಯ ಪ್ರಶ್ನೆಯಾಗಿ ಉಳಿಯುವುದಿಲ್ಲ, ಅರ್ಥದ ಕೊರತೆಯಾಗುತ್ತದೆ. ಪರೀಕ್ಷೆಯ ಹಿಂದಿನ ದಿನ ಕಥೆಯನ್ನು ನೆನಪಿಸಿಕೊಳ್ಳಬೇಕಾದ ವಿದ್ಯಾರ್ಥಿಗೆ ಇದು ಉಪಯುಕ್ತ.

ಹೀಗಾಗಿ ನಿಜವಾದ ಸ್ಪರ್ಧೆ ಇರುವುದು 1974 ಮತ್ತು 2013ರ ಚಿತ್ರಗಳ ನಡುವೆ. ಎರಡರ ಅವಧಿಯೂ ಹತ್ತಿರ ಹತ್ತಿರ ಎರಡು ಗಂಟೆ ಇಪ್ಪತ್ತು ನಿಮಿಷ. ಐವತ್ತು ಸಾವಿರದಷ್ಟು ಪದಗಳ ಈ ಕಾದಂಬರಿಯನ್ನು ಒಂದು ಸಂಜೆಯಲ್ಲಿ ಓದಿ ಮುಗಿಸಬಹುದಾದ್ದರಿಂದ, ಸಮಯ ಸಾಲಲಿಲ್ಲ ಎಂಬ ನೆಪ ಇಬ್ಬರು ನಿರ್ದೇಶಕರಿಗೂ ಇಲ್ಲ.

ಕ್ಲೇಟನ್ ಅವರ ಚಿತ್ರ ತಯಾರಾದ ಬಗೆಯೇ ಕಾದಂಬರಿಯ ಒಂದು ಅಣಕದಂತಿದೆ. ಪ್ಯಾರಮೌಂಟ್ ಸಂಸ್ಥೆಯ ಮುಖ್ಯಸ್ಥರಾಗಿದ್ದ ರಾಬರ್ಟ್ ಎವಾನ್ಸ್, ತಮ್ಮ ಪತ್ನಿ ಅಲಿ ಮೆಕ್‌ಗ್ರಾ ಡೇಸಿಯ ಪಾತ್ರ ಮಾಡಲಿ ಎಂದು ಈ ಯೋಜನೆಯನ್ನು ಕೈಗೆತ್ತಿಕೊಂಡಿದ್ದರು. ಅಷ್ಟರಲ್ಲಿ ಆಕೆ ನಟ ಸ್ಟೀವ್ ಮೆಕ್ವೀನ್ ಅವರಿಗಾಗಿ ಎವಾನ್ಸ್ ಅವರನ್ನು ಬಿಟ್ಟುಹೋದರು. ಟ್ರೂಮನ್ ಕಪೋಟಿ ಬರೆದ ಚಿತ್ರಕಥೆ ಒಪ್ಪಿಗೆಯಾಗದೆ, ಆ ಕೆಲಸ ಫ್ರಾನ್ಸಿಸ್ ಫೋರ್ಡ್ ಕೊಪೊಲಾ ಅವರ ಪಾಲಿಗೆ ಬಂದಿತು. ಫಿಟ್ಜ್‌ಜೆರಾಲ್ಡ್ ಒಪ್ಪಿಕೊಂಡಿದ್ದ ತೊಡಕು ಕೊಪೊಲಾ ಅವರಿಗೂ ಎದುರಾಯಿತು: ಪ್ರೇಮಿಗಳಿಬ್ಬರ ನಡುವೆ ಕಾದಂಬರಿಯಲ್ಲಿ ಮಾತೇ ಇಲ್ಲ. ಅವರು ಹೊಸದಾಗಿ ಮಾತುಗಳನ್ನು ಬರೆದರು. ಅವುಗಳಲ್ಲಿ ಅತಿ ಪ್ರಸಿದ್ಧವಾದದ್ದು ಡೇಸಿಯ ಬಾಯಲ್ಲಿ ಬರುವ, ಶ್ರೀಮಂತ ಹುಡುಗಿಯರು ಬಡ ಹುಡುಗರನ್ನು ಮದುವೆಯಾಗುವುದಿಲ್ಲ ಎಂಬ ಮಾತು. ಈ ವಾಕ್ಯ ಕಾದಂಬರಿಯಲ್ಲಿಲ್ಲ. ಕೇಳಿದೊಡನೆ ಚಪ್ಪಾಳೆ ತಟ್ಟಬೇಕೆನಿಸುವ ಮಾತು ಅದು ಎಂಬುದೂ ನಿಜ. ಆದರೆ ಡೇಸಿ ತನ್ನ ಬಗ್ಗೆ ಇಷ್ಟು ಸ್ಪಷ್ಟವಾಗಿ ತಿಳಿದವಳಾಗಿದ್ದರೆ, ಇಷ್ಟು ಸ್ಪಷ್ಟವಾಗಿ ಹೇಳಬಲ್ಲವಳಾಗಿದ್ದರೆ, ಈ ಕಥೆ ನಡೆಯುತ್ತಲೇ ಇರಲಿಲ್ಲ. ಕಾದಂಬರಿಯಲ್ಲಿ ಅವಳ ದನಿಯಲ್ಲಿ ಹಣ ತುಂಬಿದೆ ಎಂದು ಗುರುತಿಸುವವನು ಗ್ಯಾಟ್ಸ್‌ಬಿ. ಅದೂ ಹೊಗಳಿಕೆಯೋ ಅರಿವೋ ಎಂದು ಹೇಳಲಾಗದ ಧಾಟಿಯಲ್ಲಿ. ಹಣದ ಕುರಿತು ಅವನು ಮಾತನಾಡಬಲ್ಲ, ಏಕೆಂದರೆ ಅವನು ಅದನ್ನು ಹೊರಗಿನಿಂದ ಕಂಡವನು. ಅದರಲ್ಲೇ ಹುಟ್ಟಿಬೆಳೆದ ಡೇಸಿಗೆ ಅದು ಉಸಿರಾಡುವ ಗಾಳಿ.

ಉಳಿದ ಜಾಗವನ್ನು ಕ್ಲೇಟನ್ ಪ್ರಣಯದಿಂದ ತುಂಬಿದರು. ಹಚ್ಚನೆಯ ಹುಲ್ಲುಹಾಸು, ಬಿಳಿಯ ಉಡುಪು, ಮಂಜು ಹಿಡಿದ ಗಾಜಿನ ಮೂಲಕ ನೋಡಿದಂತಿರುವ ಬೆಳಕು. ಗ್ಯಾಟ್ಸ್‌ಬಿ ತನ್ನ ಹಳೆಯ ಸೈನಿಕ ಸಮವಸ್ತ್ರವನ್ನು ತೊಟ್ಟು ಬರಿದಾದ ಸಭಾಂಗಣದಲ್ಲಿ ಡೇಸಿಯೊಡನೆ ನರ್ತಿಸುತ್ತಾನೆ. ಡಗ್ಲಸ್ ಸ್ಲೊಕೊಂಬ್ ಅವರ ಛಾಯಾಗ್ರಹಣ ಕಣ್ಣಿಗೆ ಹಿತವಾಗಿದೆ. ಆದರೆ ಈ ದೃಶ್ಯಗಳು ಇಬ್ಬರೂ ಒಬ್ಬರನ್ನೊಬ್ಬರು ಸಮನಾಗಿ ಪ್ರೀತಿಸುತ್ತಿದ್ದಾರೆ, ಅವರ ನಡುವೆ ಕಾಲ ಮಾತ್ರ ಅಡ್ಡ ಬಂದಿತು ಎಂಬ ಭಾವನೆಯನ್ನು ಹುಟ್ಟಿಸುತ್ತವೆ. ಹಾಗಾದಾಗ ಮುಂದೆ ಪ್ಲಾಜಾ ಹೋಟೆಲಿನಲ್ಲಿ ಡೇಸಿ ಹಿಂದೆ ಸರಿಯುವುದು ಅವಳ ಸ್ವಭಾವದಿಂದ ಹೊಮ್ಮಿದ ನಡೆಯಾಗದೆ, ಚಿತ್ರಕಥೆಯ ಅಗತ್ಯಕ್ಕಾಗಿ ನಡೆದ ತಿರುವಾಗಿ ಕಾಣುತ್ತದೆ.

ಲರ್ಮನ್ ಅದೇ ಜಾಗದಲ್ಲಿ ಒಂದು ಭಿನ್ನಾಭಿಪ್ರಾಯವನ್ನಿಟ್ಟರು. ಡೇಸಿಯೂ ಟಾಮ್‌ನೂ ಬಂದುಹೋಗುವ ಪಾರ್ಟಿಯ ರಾತ್ರಿ, ತೋಟದ ಕತ್ತಲಲ್ಲಿ ಅವಳು, ಇಬ್ಬರೂ ಎಲ್ಲಿಗಾದರೂ ಓಡಿಹೋಗೋಣವೆಂದು ಗ್ಯಾಟ್ಸ್‌ಬಿಗೆ ಹೇಳುತ್ತಾಳೆ. ಅವನು ಬೆಚ್ಚಿಬೀಳುತ್ತಾನೆ; ಹಾಗೆ ಓಡಿಹೋಗುವುದು ಗೌರವದ ಮಾತಲ್ಲ ಎನ್ನುತ್ತಾನೆ. ಅವನಿಗೆ ಬೇಕಾದದ್ದು ಅವಳು ಟಾಮ್‌ನ ಎದುರು ನಿಂತು, ತಾನು ಅವನನ್ನು ಎಂದೂ ಪ್ರೀತಿಸಿಯೇ ಇರಲಿಲ್ಲ ಎಂದು ಹೇಳಿ, ಬಳಿಕ ಈ ಮನೆಗೆ, ಅವಳಿಗಾಗಿ ಕೊಂಡ ಈ ಮನೆಗೆ, ಒಡತಿಯಾಗಿ ಬರುವುದು. ಕಾದಂಬರಿಯಲ್ಲಿ ಡೇಸಿ ಇಂಥ ಪ್ರಸ್ತಾಪವನ್ನೇ ಮಾಡುವುದಿಲ್ಲ. ಗ್ಯಾಟ್ಸ್‌ಬಿಯ ಹಟ ಮಾತ್ರ ಅಲ್ಲಿ ಅಕ್ಷರಶಃ ಇದೆ. ಆ ಹಟವನ್ನು ಒರೆಗೆ ಹಚ್ಚಲು ಲರ್ಮನ್ ಒಂದು ಪ್ರಸಂಗವನ್ನು ಕಟ್ಟಿದ್ದಾರೆ ಅಷ್ಟೆ. ಹೀಗೆ ಮಾಡಿದ್ದರಿಂದ ಪ್ರೀತಿ ಮತ್ತು ಸಂಪತ್ತುಗಳ ಸಂಬಂಧ ಒಮ್ಮೆಗೇ ತಿಳಿಯಾಗುತ್ತದೆ. ಅವಳು ಬರಲು ಸಿದ್ಧಳಿದ್ದ ಒಂದೇ ಒಂದು ಗಳಿಗೆಯನ್ನು ಅವನು ಕೈಬಿಟ್ಟದ್ದು ಬಂಗಲೆಯ ಸಲುವಾಗಿ; ಅವಳಿಗಾಗಿ ಕೂಡಿಸಿದ ಹಣವೇ ಅವಳಿಗೂ ಅವನಿಗೂ ನಡುವೆ ನಿಂತಿತು. ಮೂಲ ಲೇಖಕ ಒಪ್ಪಿಕೊಂಡ ದೋಷವನ್ನು ಮೂಲದ ಮನೋಧರ್ಮಕ್ಕೆ ಚ್ಯುತಿ ಬಾರದಂತೆ ಸರಿಪಡಿಸಿದ ಪ್ರಯತ್ನ ನಾಲ್ಕು ಚಿತ್ರಗಳಲ್ಲಿ ಇದೊಂದೇ. ಗದ್ದಲ, ಮಿನುಗು, ಅತಿರೇಕಗಳಿಗಾಗಿ ಲರ್ಮನ್ ಅವರನ್ನು ಟೀಕಿಸಿದ ವಿಮರ್ಶೆಗಳಲ್ಲಿ, ನಾನು ಓದಿದ ಮಟ್ಟಿಗೆ, ಈ ಸೂಕ್ಷ್ಮಕ್ಕೆ ಸಲ್ಲಬೇಕಾದ ಶ್ರೇಯ ಸಂದಿಲ್ಲ.

ನಾಯಕರಿಬ್ಬರ ಹೋಲಿಕೆಯೂ ಇದಕ್ಕೆ ಪೂರಕವಾಗಿದೆ. ರಾಬರ್ಟ್ ರೆಡ್‌ಫರ್ಡ್ ಅವರ ರೂಪ, ನಿಲುವು, ನಗೆ ಎಲ್ಲವೂ ಹುಟ್ಟು ಸಿರಿವಂತನವು. ಅವರು ಈಸ್ಟ್ ಎಗ್‌ನಲ್ಲಿ ಹುಟ್ಟಿದವರಲ್ಲ ಎಂದು ನಂಬುವುದೇ ಕಷ್ಟ. ನಾರ್ತ್ ಡಕೋಟಾದ ಬಡ ರೈತನ ಮಗ ಜೇಮ್ಸ್ ಗ್ಯಾಟ್ಜ್ (ಅದು ಗ್ಯಾಟ್ಸ್‌ಬಿಯ ಮೂಲ ಹೆಸರು) ಆ ಮುಖದ ಹಿಂದೆ ಎಲ್ಲಿಯೂ ಇಣುಕುವುದಿಲ್ಲ. ಟಾಮ್ ಈ ಗ್ಯಾಟ್ಸ್‌ಬಿಯನ್ನು ಕೀಳಾಗಿ ಕಾಣಲು ಕಾರಣವೇ ಸಿಗುವುದಿಲ್ಲ. ಲಿಯೊನಾರ್ಡೊ ಡಿಕಾಪ್ರಿಯೊ ಅವರಲ್ಲಿ ಕಾಣುವುದು ಸದಾ ಪಾಠ ಒಪ್ಪಿಸುತ್ತಿರುವ ಮನುಷ್ಯನ ಆತಂಕ. ಮಾತುಮಾತಿಗೆ ಸೇರಿಸುವ, ಗೆಳೆಯಾ ಎಂಬರ್ಥದ ‘ಓಲ್ಡ್ ಸ್ಪೋರ್ಟ್’ ಅವರ ಬಾಯಲ್ಲಿ ಎರವಲು ಮಾತಿನಂತೆಯೇ ಕೇಳಿಸುತ್ತದೆ, ಹಾಗೆ ಕೇಳಿಸುವುದೇ ಸರಿ. ಚಹಾಕೂಟದ ದೃಶ್ಯವನ್ನು ನೋಡಿ: ನಿಕ್‌ನ ಪುಟ್ಟ ಮನೆಯಲ್ಲಿ ಕಾಲಿಡಲೂ ಜಾಗವಿಲ್ಲದಷ್ಟು ಹೂಗಳನ್ನು ತುಂಬಿಸಿ, ಡೇಸಿ ಬರುವ ಹೊತ್ತಿಗೆ ಧೈರ್ಯ ಸಾಲದೆ ಹೊರಗೆ ಓಡಿ, ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ ಮುಂಬಾಗಿಲಿನಲ್ಲಿ ನಿಂತುಕೊಳ್ಳುತ್ತಾನೆ. ನಗು ಬರುತ್ತದೆ, ಮರುಕ್ಷಣ ಮರುಕವೂ ಹುಟ್ಟುತ್ತದೆ. ಕಾದಂಬರಿಯ ಐದನೆಯ ಅಧ್ಯಾಯ ಹಾಸ್ಯಪ್ರಸಂಗವೂ ಹೌದು ಎಂಬುದನ್ನು ಗುರುತಿಸಿದವರು ಲರ್ಮನ್ ಮಾತ್ರ.

ಗ್ಯಾಟ್ಸ್‌ಬಿ ಮೊದಲ ಬಾರಿಗೆ ಕಾಣಿಸಿಕೊಳ್ಳುವ ಸನ್ನಿವೇಶದಲ್ಲಿಯೂ ಇದೇ ವ್ಯತ್ಯಾಸವಿದೆ. ಕಾದಂಬರಿಯಲ್ಲಿ ನಿಕ್ ಪಾರ್ಟಿಯಲ್ಲಿ ಅಪರಿಚಿತನೊಬ್ಬನೊಂದಿಗೆ ಮಾತನಾಡುತ್ತ ಕುಳಿತಿರುತ್ತಾನೆ; ಆತಿಥೇಯನನ್ನು ತಾನಿನ್ನೂ ನೋಡಿಯೇ ಇಲ್ಲವೆಂದು ಅವನ ಬಳಿಯೇ ಹೇಳಿಕೊಂಡಾಗ, ನಾನೇ ಗ್ಯಾಟ್ಸ್‌ಬಿ ಎಂಬ ಉತ್ತರ ಬರುತ್ತದೆ. 1974ರ ಚಿತ್ರದಲ್ಲಿ ಅಂಗರಕ್ಷಕನೊಬ್ಬ ಬಂದು ನಿಕ್‌ನನ್ನು ಮಹಡಿಯ ಕೋಣೆಗೆ ಕರೆದೊಯ್ಯುತ್ತಾನೆ. ಅಲ್ಲಿ ಗ್ಯಾಟ್ಸ್‌ಬಿ ಯಾವುದೋ ಕಂಪನಿಯ ಮಾಲೀಕನಂತೆ ಎದುರಾಗುತ್ತಾನೆ; ಕುತೂಹಲವೂ ಇಲ್ಲ, ಅಚ್ಚರಿಯೂ ಇಲ್ಲ. 2013ರಲ್ಲಿ ಕಾದಂಬರಿಯ ಆ ಗೊಂದಲವನ್ನು ಉಳಿಸಿಕೊಂಡು, ನಾಯಕ ತಿರುಗಿ ನಕ್ಕೊಡನೆ ಹಿನ್ನೆಲೆಯಲ್ಲಿ ಗರ್ಶ್ವಿನ್ ಅವರ ‘ರಾಪ್ಸಡಿ ಇನ್ ಬ್ಲೂ’ ಏರುತ್ತದೆ, ಆಕಾಶದಲ್ಲಿ ಬಾಣಬಿರುಸುಗಳು ಸಿಡಿಯುತ್ತವೆ. ಸಂಯಮವೆಂಬುದು ಇಲ್ಲಿ ಹೆಸರಿಗೂ ಇಲ್ಲ. ಆದರೆ ಅಲ್ಲಿಯವರೆಗೆ ಗಾಳಿಸುದ್ದಿಯಾಗಿ ಮಾತ್ರ ಬೆಳೆದ ಮನುಷ್ಯ ಎದುರಿಗೆ ಬಂದಾಗ ಆಗುವ ಬೆರಗು ಹೀಗೆಯೇ ಇರಬೇಕು.

ಸಂಗೀತದ ವಿಷಯದಲ್ಲಿ ನನ್ನ ಮನಸ್ಸು ಇಬ್ಭಾಗವಾಗಿದೆ. 1974ರ ಚಿತ್ರಕ್ಕೆ ನೆಲ್ಸನ್ ರಿಡಲ್ ಅವರು ಇಪ್ಪತ್ತರ ದಶಕದ ಹಾಡುಗಳನ್ನೇ ಹೊಂದಿಸಿಕೊಟ್ಟು ಆಸ್ಕರ್ ಪಡೆದರು. ಥಿಯೋನಿ ಆಲ್ಡ್ರೆಡ್ಜ್ ಅವರ ವಸ್ತ್ರವಿನ್ಯಾಸಕ್ಕೂ ಅದೇ ಗೌರವ ಸಂದಿತು. ಅರ್ವಿಂಗ್ ಬರ್ಲಿನ್ ಅವರ ‘ವಾಟಿಲ್ ಐ ಡೂ’ ಹಾಡು ಆರಂಭದಲ್ಲಿ ಬರಿದಾದ ಬಂಗಲೆಯ ಕೋಣೆಗಳ ಮೇಲೆ ಹರಿಯುವಾಗ, ಈ ಕಥೆಯ ಕೊನೆ ಮೊದಲೇ ತಿಳಿದಂತಾಗುತ್ತದೆ. ಲರ್ಮನ್ ರಾಪ್ ಗಾಯಕ ಜೇ-ಝಡ್ ಅವರನ್ನು ಜೊತೆಗೆ ಸೇರಿಸಿಕೊಂಡು ಹಿಪ್‌ಹಾಪ್ ತಂದರು. 1922ರಲ್ಲಿ ಜಾಝ್ ಎಂಬುದು ಹಿರಿಯರು ಹುಬ್ಬುಗಂಟಿಕ್ಕುತ್ತಿದ್ದ, ಕಪ್ಪು ಜನರ ನೆರೆಹೊರೆಗಳಿಂದ ಬಂದ ಹೊಸ ಸಂಗೀತವಾಗಿತ್ತು. ಇಂದು ಅದು ಹೋಟೆಲಿನ ಲಿಫ್ಟಿನಲ್ಲಿ ಕೇಳುವಷ್ಟು ಸೌಮ್ಯವಾಗಿದೆ. ಅಂದಿನ ಆಘಾತ ಇಂದಿನ ಕಿವಿಗೆ ಮುಟ್ಟಬೇಕಾದರೆ ಇಂದಿನ ಸಂಗೀತವೇ ಬೇಕೆಂಬ ವಾದ ಒಪ್ಪತಕ್ಕದ್ದು. ಕ್ವೀನ್ಸ್‌ಬರೊ ಸೇತುವೆಯ ಮೇಲೆ ಬಿಳಿಯ ಚಾಲಕನ ಕಾರಿನಲ್ಲಿ ಕಪ್ಪು ಯುವಕ ಯುವತಿಯರು ಠೀವಿಯಿಂದ ಸಾಗುವ ದೃಶ್ಯ ಕಾದಂಬರಿಯಲ್ಲಿಯೂ ಇದೆ, ಅಲ್ಲಿ ನಿಕ್‌ನ ನೋಟದಲ್ಲಿ ಅಣಕವಿದೆ. ಲರ್ಮನ್ ಅದನ್ನು ಸಂಭ್ರಮವಾಗಿ ತಿರುಗಿಸಿದ್ದಾರೆ. ಆದರೆ ಲಾನಾ ಡೆಲ್ ರೇ ಅವರ ಪ್ರೇಮಗೀತೆಯ ಸ್ವರ ಮತ್ತೆ ಮತ್ತೆ ಮರುಕಳಿಸುವುದು ದಣಿವು ತರುತ್ತದೆ. ಪಾರ್ಟಿಗೆ ಹೊಂದಿದ ಉಪಾಯ ಏಕಾಂತಕ್ಕೆ ಹೊಂದಲಿಲ್ಲ. ಈ ಚಿತ್ರವನ್ನು ಮೊದಲು 2013ರಲ್ಲಿ ಬೆಂಗಳೂರಿನ ಚಿತ್ರಮಂದಿರದಲ್ಲಿ 3ಡಿ ಕನ್ನಡಕ ಹಾಕಿಕೊಂಡು ನೋಡಿದ್ದೆ. ಈ ಬಾರಿ ಮನೆಯ ಸಾಧಾರಣ ಪರದೆಯ ಮೇಲೆ ನೋಡಿದಾಗ ಕಣ್ಣಿನ ಆಯಾಸವಿಲ್ಲದೆ ನಟರ ಮುಖಗಳು ಹೆಚ್ಚು ಚೆನ್ನಾಗಿ ಕಂಡವು.

ಪೋಷಕ ಪಾತ್ರಗಳಿಗೆ ಬಂದರೆ ತಕ್ಕಡಿ ಕ್ಲೇಟನ್ ಅವರ ಕಡೆಗೆ ವಾಲುತ್ತದೆ. ಟಾಮ್ ಬುಕ್ಯಾನನ್ ಯೇಲ್ ವಿಶ್ವವಿದ್ಯಾನಿಲಯದ ಫುಟ್‌ಬಾಲ್ ಆಟಗಾರನಾಗಿದ್ದವನು, ಕ್ರೂರವಾದ ಮೈಕಟ್ಟಿನವನು. ಆ ವರ್ಣನೆಗೆ 2013ರ ಜೊಯೆಲ್ ಎಡ್ಗರ್ಟನ್ ಹೊಂದುತ್ತಾರೆ, ತೆಳ್ಳಗಿನ ಬ್ರೂಸ್ ಡರ್ನ್ ಹೊಂದುವುದಿಲ್ಲ. ಆದರೂ ಊಟದ ಮೇಜಿನಲ್ಲಿ ಬಿಳಿಯರ ಜನಾಂಗ ಅಪಾಯದಲ್ಲಿದೆಯೆಂದು ಓದಿದ ಪುಸ್ತಕವೊಂದನ್ನು ಟಾಮ್ ಉಲ್ಲೇಖಿಸುವಾಗ, ಡರ್ನ್ ಅವರ ಸ್ವರದಲ್ಲಿ ಅರೆಬೆಂದ ವಿದ್ಯೆಯ ಚಡಪಡಿಕೆಯಿದೆ. ಎಡ್ಗರ್ಟನ್ ಅವರಲ್ಲಿ ಖಳನಾಯಕನ ಗತ್ತು ಮಾತ್ರವಿದೆ. ಬೂದಿಕಣಿವೆಯ ಗ್ಯಾರೇಜಿನ ಮಾಲೀಕ ಜಾರ್ಜ್ ವಿಲ್ಸನ್ ಆಗಿ ಸ್ಕಾಟ್ ವಿಲ್ಸನ್, ಅವನ ಹೆಂಡತಿಯೂ ಟಾಮ್‌ನ ಪ್ರೇಯಸಿಯೂ ಆದ ಮರ್ಟಲ್ ಆಗಿ ಕ್ಯಾರೆನ್ ಬ್ಲ್ಯಾಕ್ ಇಬ್ಬರೂ ಅಸಾಧಾರಣರು. ಹೆಂಡತಿಯ ಸಾವಿನ ನಂತರ ಜಾರ್ಜ್‌ನ ಬಿಳಿಚಿದ ಮುಖವನ್ನು ನೋಡುತ್ತಿದ್ದಾಗ, ಕಳೆದುಹೋದ ಪ್ರೀತಿಯ ಕಥೆ ನಿಜವಾಗಿ ಇವನದೇ ಅಲ್ಲವೆ ಎಂಬ ಪ್ರಶ್ನೆ ನನ್ನಲ್ಲಿ ಎದ್ದಿತು. ನ್ಯೂಯಾರ್ಕಿನ ಕ್ವೀನ್ಸ್ ಭಾಗದ ಕೊರೊನಾ ಎಂಬಲ್ಲಿ ನಿಜಕ್ಕೂ ಇದ್ದ ಬೂದಿಗುಡ್ಡೆಗಳು ಈ ಕಣಿವೆಯ ಮೂಲ. 1939ರ ವಿಶ್ವಮೇಳಕ್ಕಾಗಿ ಅದನ್ನು ಸಮತಟ್ಟು ಮಾಡಿದರು. ಕ್ಲೇಟನ್ ಅವರ ಕಣಿವೆಯಲ್ಲಿ ಜನ ಬದುಕುತ್ತಿದ್ದಾರೆ ಎನಿಸುತ್ತದೆ. ಲರ್ಮನ್ ಅವರದು ಗಣಕಯಂತ್ರದಲ್ಲಿ ಬಳಿದ ಚಿತ್ರದಂತಿದೆ. ಅಲ್ಲಿನ ವಿಲ್ಸನ್ ದಂಪತಿಗೆ ಉಸಿರಾಡುವಷ್ಟು ಸಮಯವೂ ಸಿಗುವುದಿಲ್ಲ.

ಮೇಯರ್ ವುಲ್ಫ್‌ಶೀಮ್ ಎಂಬ ಹೆಸರಿನ ಜೂಜುಕೋರನ ಪಾತ್ರ ನಮ್ಮ ಪ್ರೇಕ್ಷಕರಿಗೆ ಒಂದು ವಿಶೇಷ ಕಾರಣಕ್ಕೆ ನೆನಪಿರುತ್ತದೆ: 2013ರಲ್ಲಿ ಅದನ್ನು ಮಾಡಿದವರು ಅಮಿತಾಭ್ ಬಚ್ಚನ್, ಅವರ ಮೊದಲ ಹಾಲಿವುಡ್ ಚಿತ್ರ ಇದು. ಚಿತ್ರಮಂದಿರದಲ್ಲಿ ಅವರು ತೆರೆಗೆ ಬಂದಾಗ ಶಿಳ್ಳೆ ಬಿದ್ದದ್ದೇನೋ ಸರಿ, ಆದರೆ ಶಿಳ್ಳೆ ನಿಲ್ಲುವಷ್ಟರಲ್ಲಿ ಪಾತ್ರವೇ ಹೆಚ್ಚುಕಡಿಮೆ ಮುಗಿದಿತ್ತು. ಕಾದಂಬರಿಯಲ್ಲಿ ಈ ಪಾತ್ರ ಯೆಹೂದ್ಯರ ಬಗೆಗಿನ ಆ ಕಾಲದ ಪೂರ್ವಗ್ರಹಗಳನ್ನೆಲ್ಲ ಹೊತ್ತಿದೆ. ಬೇರೆ ದೇಶದ ನಟನಿಗೆ ಅದನ್ನು ಕೊಟ್ಟು ಆ ಮುಜುಗರವನ್ನು ಲರ್ಮನ್ ಜಾಣತನದಿಂದ ದಾಟಿದರು. 1974ರಲ್ಲಿ ಇದೇ ಪಾತ್ರವನ್ನು ನಿರ್ವಹಿಸಿದ ಹೊವರ್ಡ್ ಡ ಸಿಲ್ವಾ ಅವರು 1949ರ ಚಿತ್ರದಲ್ಲಿ ಜಾರ್ಜ್ ವಿಲ್ಸನ್ ಆಗಿದ್ದವರು ಎಂಬುದು, ಎರಡನ್ನೂ ಬೆನ್ನುಬೆನ್ನಿಗೆ ನೋಡಿದವರಿಗೆ ಸಿಗುವ ಒಂದು ಚಿಕ್ಕ ಖುಷಿ.

ನಿಕ್ ಕ್ಯಾರವೇಯನ್ನು ತೆರೆಗೆ ತರುವುದು ಎಲ್ಲಕ್ಕಿಂತ ಕಷ್ಟದ ಕೆಲಸ, ಏಕೆಂದರೆ ಅವನು ಮಾಡುವುದು ಕಡಿಮೆ, ಕಾಣುವುದು ಹೆಚ್ಚು. ಸ್ಯಾಮ್ ವಾಟರ್‌ಸ್ಟನ್ ಅವರು ಸುಮ್ಮನೆ ನಿಂತು ಕೇಳಿಸಿಕೊಳ್ಳುವ ಕಲೆಯನ್ನು ಬಲ್ಲರು. ನಾಲ್ವರು ನಿಕ್‌ಗಳಲ್ಲಿ ನನಗೆ ಅವರೇ ಮೇಲು. ಲರ್ಮನ್ ಅವರ ಚಿತ್ರದಲ್ಲಿ ಟೋಬಿ ಮಗ್ವೈರ್ ಅವರ ನಿಕ್ ಕುಡಿತದಿಂದ ಕುಸಿದು ಆರೋಗ್ಯಧಾಮವೊಂದನ್ನು ಸೇರಿ, ವೈದ್ಯರ ಸಲಹೆಯಂತೆ ತನ್ನ ಕಥೆಯನ್ನು ಬರೆಯತೊಡಗುತ್ತಾನೆ, ಬರೆದ ಅಕ್ಷರಗಳು ತೆರೆಯ ಮೇಲೆ ತೇಲುತ್ತವೆ. ಕಾದಂಬರಿಯಲ್ಲಿಯೂ ನಿಕ್ ತಾನೊಂದು ಪುಸ್ತಕ ಬರೆಯುತ್ತಿರುವುದಾಗಿ ಹೇಳುತ್ತಾನಾದ್ದರಿಂದ ಬರವಣಿಗೆಯ ಕಲ್ಪನೆಗೆ ಆಧಾರವಿದೆ. ಕುಡಿತಕ್ಕೆ ಆಧಾರವಿಲ್ಲ, ತನ್ನ ಬದುಕಿನಲ್ಲಿ ಅಮಲೇರಿದ್ದು ಎರಡೇ ಬಾರಿ ಎಂದು ಅವನೇ ಹೇಳಿದ್ದಾನೆ. ಈ ಚೌಕಟ್ಟು ಚಿತ್ರದ ಅತಿ ದುರ್ಬಲ ಭಾಗ. ನಾವು ಕಣ್ಣಾರೆ ಕಂಡದ್ದನ್ನೇ ಮಗ್ವೈರ್ ಮತ್ತೊಮ್ಮೆ ಬಾಯಿಬಿಟ್ಟು ಹೇಳುವುದನ್ನು ಕೇಳಿಸಿಕೊಳ್ಳಲು ಸ್ವಲ್ಪ ತಾಳ್ಮೆ ಬೇಕಾಗುತ್ತದೆ.

ಡೇಸಿಯ ಪಾತ್ರ ಯಾರಿಗೂ ಪೂರ್ತಿಯಾಗಿ ದಕ್ಕಿಲ್ಲ. ಮಿಯಾ ಫ್ಯಾರೋ ಅವರ ದನಿ ಸದಾ ಎತ್ತರದಲ್ಲಿ ನಡುಗುತ್ತಿರುತ್ತದೆ. ಈ ಹೆಣ್ಣಿಗಾಗಿ ಒಬ್ಬ ಮನುಷ್ಯ ಐದು ವರ್ಷ ಕಾದನೆಂದು ನಂಬಲು ಕಷ್ಟವಾಗುತ್ತದೆ. ಆದರೆ ಅವಳ ಪೊಳ್ಳುತನವನ್ನು ಫ್ಯಾರೋ ಮುಚ್ಚಿಡುವುದಿಲ್ಲ, ಅದಕ್ಕಾಗಿ ಅವರನ್ನು ಮೆಚ್ಚಬೇಕು. ಕ್ಯಾರಿ ಮಲ್ಲಿಗನ್ ಅವರಲ್ಲಿ ಆಕರ್ಷಣೆಯೂ ಭಯವೂ ಒಟ್ಟಿಗೆ ಇವೆ. ಗ್ಯಾಟ್ಸ್‌ಬಿ ಮೇಲಂತಸ್ತಿನಿಂದ ಬಣ್ಣಬಣ್ಣದ ಅಂಗಿಗಳನ್ನು ಒಂದೊಂದಾಗಿ ಎಸೆಯುವಾಗ ಅವಳು ಅವುಗಳಲ್ಲಿ ಮುಖ ಹುದುಗಿಸಿ ಅಳುತ್ತಾಳಲ್ಲ, ಆ ಅಳು ಅಂಗಿಗಳಿಗಾಗಿಯೋ ಕಳೆದ ವರ್ಷಗಳಿಗಾಗಿಯೋ ಎಂಬುದನ್ನು ಅವರು ನಮಗೆ ಬಿಟ್ಟುಕೊಡುವುದಿಲ್ಲ. ಕಾದಂಬರಿಯಲ್ಲಿ ಡೇಸಿಗೆ ಪುಟ್ಟ ಮಗಳೊಬ್ಬಳಿದ್ದಾಳೆ. ಅವಳನ್ನು ಕಂಡಾಗಲೇ ಗ್ಯಾಟ್ಸ್‌ಬಿಗೆ ಅಳಿಸಿಹಾಕಲಾಗದ ಐದು ವರ್ಷಗಳ ಪುರಾವೆ ಎದುರಾಗುತ್ತದೆ. 2013ರ ಚಿತ್ರ ಆ ಮಗುವನ್ನು ಬಹುಮಟ್ಟಿಗೆ ಮರೆಗೆ ಸರಿಸಿರುವುದು ಡೇಸಿಯ ಮೇಲಿನ ಅನುಕಂಪವನ್ನು ಉಳಿಸಿಕೊಳ್ಳಲು ಮಾಡಿದ ಹಂಚಿಕೆ ಎಂದೇ ನನ್ನ ಗುಮಾನಿ.

ಪ್ಲಾಜಾ ಹೋಟೆಲಿನ ಮುಖಾಮುಖಿಯಲ್ಲಿ ಎರಡೂ ಚಿತ್ರಗಳು ತಮ್ಮ ತಮ್ಮ ಎತ್ತರವನ್ನು ಮುಟ್ಟುತ್ತವೆ. ಕ್ಲೇಟನ್ ಅವರಲ್ಲಿ ಸೆಖೆಯೇ ಒಂದು ಪಾತ್ರ. ಎಲ್ಲರ ಮುಖದ ಮೇಲೂ ಬೆವರು ಮಿನುಗುತ್ತದೆ, ಮಾತು ನಿಧಾನವಾಗುತ್ತದೆ. ಲರ್ಮನ್ ಅವರಲ್ಲಿ, ಟಾಮ್ ಹಂಗಿಸುತ್ತ ಹೋದಂತೆ ಗ್ಯಾಟ್ಸ್‌ಬಿಯ ಸಹನೆ ಕಳಚಿ, ಅವನು ಟಾಮ್‌ನ ಮೇಲೆರಗಿ ಕೊರಳಪಟ್ಟಿ ಹಿಡಿದು ಅಬ್ಬರಿಸುತ್ತಾನೆ. ಕಾದಂಬರಿಯಲ್ಲಿ ಈ ಅಬ್ಬರವಿಲ್ಲ. ಕೊಲೆ ಮಾಡಿದವನಂತೆ ಅವನ ಮುಖ ಒಂದು ಗಳಿಗೆ ಕಂಡಿತು ಎಂದು ಮಾತ್ರ ನಿಕ್ ಬರೆಯುತ್ತಾನೆ. ಮೂಲಕ್ಕೆ ನಿಷ್ಠರಾದವರು ಇಲ್ಲಿ ಲರ್ಮನ್ ಅವರನ್ನು ಕ್ಷಮಿಸಲಿಕ್ಕಿಲ್ಲ. ನನಗೆ ಮಾತ್ರ ಅನಂತರದ ಕ್ಷಣಗಳು ಮುಖ್ಯವೆನಿಸಿದವು: ಅವನು ತನ್ನನ್ನು ಸಾವರಿಸಿಕೊಂಡು, ಸಭ್ಯತೆಯ ಧಾಟಿಗೆ ಮರಳಿ ಕ್ಷಮೆ ಕೇಳುತ್ತಾನೆ, ಅಷ್ಟರಲ್ಲಿ ಡೇಸಿಯ ಕಣ್ಣುಗಳು ಅವನಿಂದ ದೂರ ಸರಿದಿರುತ್ತವೆ. ಟಾಮ್ ಗೆದ್ದದ್ದು ವಾದದಿಂದಲ್ಲ. ಎದುರಾಳಿಯ ಕೋಟಿನೊಳಗಿದ್ದ ಜೇಮ್ಸ್ ಗ್ಯಾಟ್ಜ್‌ನನ್ನು ಹೊರಗೆಳೆದು ತೋರಿಸಿ ಅವನು ಗೆದ್ದ.

ಹೆಂಡತಿಯ ಸಾವಿಗೆ ಗ್ಯಾಟ್ಸ್‌ಬಿಯೇ ಕಾರಣವೆಂದು ನಂಬಿದ ಜಾರ್ಜ್ ವಿಲ್ಸನ್ ಅವನನ್ನು ಈಜುಕೊಳದಲ್ಲಿ ಕೊಲ್ಲುವ ದೃಶ್ಯದಲ್ಲಿ ಲರ್ಮನ್ ಮತ್ತೊಂದು ಬದಲಾವಣೆ ಮಾಡಿದ್ದಾರೆ, ಅದನ್ನು ನಾನು ಒಪ್ಪಲಾರೆ. ಗುಂಡು ತಗಲುವ ಮುನ್ನ ದೂರವಾಣಿ ಮೊಳಗುತ್ತದೆ. ಅದು ಡೇಸಿಯದೇ ಕರೆ ಎಂದು ಭಾವಿಸಿ ಅವಳ ಹೆಸರು ಹೇಳುತ್ತಲೇ ಗ್ಯಾಟ್ಸ್‌ಬಿ ಸಾಯುತ್ತಾನೆ. ಕರೆ ಮಾಡಿದವನು ನಿಕ್. ಕಾದಂಬರಿಯಲ್ಲಿ ಯಾವ ಕರೆಯೂ ಬರುವುದಿಲ್ಲ. ಬರುತ್ತದೆಂದು ಗ್ಯಾಟ್ಸ್‌ಬಿ ಸ್ವತಃ ನಂಬಿರಲಿಲ್ಲವೇನೋ, ಅದರ ಬಗ್ಗೆ ಅವನಿಗೆ ಕಾಳಜಿಯೂ ಉಳಿದಿರಲಿಲ್ಲವೇನೋ ಎಂದು ನಿಕ್ ಊಹಿಸುತ್ತಾನೆ. ಒಬ್ಬನಿಗೆ ಭ್ರಮೆಯಲ್ಲೇ ಸಾಯುವ ಭಾಗ್ಯ, ಇನ್ನೊಬ್ಬನಿಗೆ ಭ್ರಮೆ ಹರಿದ ಮೇಲೆ ಉಳಿದ ಕೆಲವು ಗಂಟೆಗಳ ಬರಿಯ ಜಗತ್ತು. ಎರಡನೆಯದೇ ಹೆಚ್ಚು ಘೋರ, ಹೆಚ್ಚು ಸತ್ಯ. ಡಿಕಾಪ್ರಿಯೊ ಅದನ್ನು ಮೌನದಲ್ಲೇ ಅಭಿನಯಿಸಬಲ್ಲವರಾಗಿದ್ದರು.

ಒಟ್ಟಿನಲ್ಲಿ ನಾನು 2013ರ ಚಿತ್ರಕ್ಕೆ ಮೊದಲ ಸ್ಥಾನ ಕೊಡುತ್ತೇನೆ. ತೋಟದ ಆ ಭಿನ್ನಾಭಿಪ್ರಾಯಕ್ಕಾಗಿ, ಡಿಕಾಪ್ರಿಯೊ ಮತ್ತು ಮಲ್ಲಿಗನ್ ಅವರಿಗಾಗಿ. 35 ಕೋಟಿ ಡಾಲರಿಗೂ ಹೆಚ್ಚು ಗಳಿಸಿ, ಕ್ಯಾಥರೀನ್ ಮಾರ್ಟಿನ್ ಅವರ ಕಲಾವಿನ್ಯಾಸಕ್ಕೂ ವಸ್ತ್ರವಿನ್ಯಾಸಕ್ಕೂ ಆಸ್ಕರ್ ಪಡೆದ ಚಿತ್ರಕ್ಕೆ ನನ್ನ ಶಿಫಾರಸಿನ ಅಗತ್ಯವಿಲ್ಲವಾದರೂ, ಹೊರಗಿನ ಥಳಕನ್ನು ಕಂಡು ದೂರ ಸರಿದವರು ಇನ್ನೊಮ್ಮೆ ನೋಡಲಿ ಎಂದು ಹೇಳುತ್ತಿದ್ದೇನೆ. ಆದರೆ ಒಂಬತ್ತನೆಯ ಅಧ್ಯಾಯಕ್ಕೆ ಮಾತ್ರ ಈ ಚಿತ್ರವನ್ನು ನಂಬಬಾರದು. ಕಾದಂಬರಿಯಲ್ಲಿ ಅಂತ್ಯಕ್ರಿಯೆಗೆ ಗ್ಯಾಟ್ಸ್‌ಬಿಯ ತಂದೆ ಹೆನ್ರಿ ಗ್ಯಾಟ್ಜ್ ಬರುತ್ತಾನೆ. ಮಗ ಬಾಲ್ಯದಲ್ಲಿ ಪುಸ್ತಕವೊಂದರ ಹಿಂಬದಿಯ ಹಾಳೆಯಲ್ಲಿ 1906ರ ಸೆಪ್ಟೆಂಬರ್ 12ರ ದಿನಾಂಕ ಹಾಕಿ ಬರೆದ ದಿನಚರಿಯನ್ನು ನಿಕ್‌ಗೆ ತೋರಿಸುತ್ತಾನೆ. ಬೆಳಗ್ಗೆ ಆರಕ್ಕೆ ಏಳುವುದು, ಕಸರತ್ತು, ವಿದ್ಯುಚ್ಛಕ್ತಿಯ ಅಧ್ಯಯನ, ವಾರಕ್ಕೆ ಐದು ಡಾಲರ್ ಉಳಿತಾಯ ಎಂದು ಬರೆದು, ಐದನ್ನು ಹೊಡೆದುಹಾಕಿ ಮೂರು ಎಂದು ತಿದ್ದಿದ್ದಾನೆ. ಗ್ಯಾಟ್ಸ್‌ಬಿಯ ಹಣದಾಸೆ ಡೇಸಿಗಿಂತ ಹಳೆಯದು ಎಂಬುದಕ್ಕೆ ಆ ಹಾಳೆಯೇ ಸಾಕ್ಷಿ. ಲರ್ಮನ್ ತಂದೆಯ ಪ್ರಸಂಗವನ್ನು ಚಿತ್ರೀಕರಿಸಿಯೂ ಕೈಬಿಟ್ಟು, ಶವಪೆಟ್ಟಿಗೆಯ ಬಳಿ ನಿಕ್‌ನೊಬ್ಬನನ್ನೇ ಉಳಿಸಿಕೊಂಡರು. ಹೀಗಾಗಿ ಅವರ ಗ್ಯಾಟ್ಸ್‌ಬಿ ಕೇವಲ ಪ್ರೇಮಿಯಾಗಿ ಸಾಯುತ್ತಾನೆ. 1974ರ ಚಿತ್ರದಲ್ಲಿ ರಾಬರ್ಟ್ಸ್ ಬ್ಲಾಸಮ್ ಅವರು ಆ ಮುದುಕನಾಗಿ ಬರುತ್ತಾರೆ, ಮಗನ ಬಂಗಲೆಯ ನಡುವೆ ಎಲ್ಲಿ ನಿಲ್ಲಬೇಕೆಂದೂ ತಿಳಿಯದವರಂತೆ. 2013ರದ್ದನ್ನು ನೋಡಿ ಮುಗಿಸಿದವರು ಕ್ಲೇಟನ್ ಅವರ ಚಿತ್ರವನ್ನು ಪೂರ್ತಿ ನೋಡುವ ವ್ಯವಧಾನವಿಲ್ಲದಿದ್ದರೆ, ಅದರ ಕೊನೆಯ ಇಪ್ಪತ್ತು ನಿಮಿಷಗಳನ್ನಾದರೂ ನೋಡತಕ್ಕದ್ದು.